ಸಿಎಂಇ ತಯಾರಿಸುವವರಿಗೆ ಒಂದು ಉಚಿತ ಆನ್‌ಲೈನ್ ಸೆಷನ್: ಸರಿಯಾದವರಿಗೆ ಸುದ್ದಿ ಮುಟ್ಟಿಸುವುದು ಹೇಗೆ?

ನೀಲಿ ಕಡತ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನನ್ನದು ಡಾಕ್ಟರುಗಳಿಗೆ ಸಿಎಂಇ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣದ ಕಾರ್ಯಕ್ರಮ ರೂಪಿಸುವ ಕೆಲಸ. ವಿಷಯ ಆರಿಸುವುದು, ಮಾತನಾಡುವವರನ್ನು ಒಪ್ಪಿಸುವುದು, ಸ್ಲೈಡ್ ತಿದ್ದುವುದು, ಕಾರ್ಯಕ್ರಮದ ಮೊದಲು ಮತ್ತು ಆಮೇಲೆ ಕೊಡುವ ಪರೀಕ್ಷೆಗಳಿಗೆ (ಪ್ರೀ-ಟೆಸ್ಟ್, ಪೋಸ್ಟ್-ಟೆಸ್ಟ್) ಪ್ರಶ್ನೆ ಬರೆಯುವುದು, ಕ್ರೆಡಿಟ್ (ಕಾರ್ಯಕ್ರಮಕ್ಕೆ ಬಂದ ಡಾಕ್ಟರುಗಳಿಗೆ ಸಿಗುವ ಕಲಿಕೆಯ ಅಂಕ) ಅರ್ಜಿ, ಕೊನೆಗೆ ವರದಿ. ಡಾಕ್ಟರುಗಳು ಜೀವನಪೂರ್ತಿ ಕಲಿಯುತ್ತಿರಬೇಕು ಎಂದು ಎಲ್ಲರೂ ಹೇಳುತ್ತಾರೆ, ಅದಕ್ಕೆ ಕ್ರೆಡಿಟ್ ವ್ಯವಸ್ಥೆಯೂ ಇದೆ. ಆದರೆ ಆ ಕಲಿಕೆಯನ್ನು ತಯಾರಿಸುವ ನಮ್ಮಂಥವರು ಕಲಿಯುವುದು ಎಲ್ಲಿ? ನನಗೆ ಗೊತ್ತಿರುವ ಹೆಚ್ಚಿನವರು ಹಿಂದಿನವರ ಕಡತ ನೋಡಿಕೊಂಡೇ ಕೆಲಸ ಕಲಿತವರು. ನಾನೂ ಹಾಗೇ. ಪಕ್ಕದ ಮೇಜಿನವರ ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ನನ್ನ ಮೊದಲ ಪೋಸ್ಟ್-ಟೆಸ್ಟ್ ಬರೆದೆ. ಅದರಲ್ಲಿ ಪ್ರತಿ ಪ್ರಶ್ನೆಗೂ ಎಲ್ಲಕ್ಕಿಂತ ಉದ್ದದ ಉತ್ತರವೇ ಸರಿ ಉತ್ತರವಾಗಿತ್ತು. ವಿಷಯ ಗೊತ್ತಿಲ್ಲದವರೂ ಪಾಸಾಗಬಹುದಾದ ಪರೀಕ್ಷೆ ಅದು. ಅದನ್ನು ನನಗೆ ತೋರಿಸಿಕೊಡಲು ಯಾರೂ ಇರಲಿಲ್ಲ.

ಅದಕ್ಕೇ ನಾವು ಮೂವರು ಸೇರಿ ಒಂದು ಗಂಟೆಯ ಉಚಿತ ಆನ್‌ಲೈನ್ ಸೆಷನ್ ಇಟ್ಟೆವು. ಇದು ಡಾಕ್ಟರುಗಳಿಗಲ್ಲ, ಸಿಎಂಇ ಕೆಲಸ ಮಾಡುವವರಿಗೆ. ವಿಷಯ ಇಷ್ಟೇ: ಕಾರ್ಯಕ್ರಮ ಮುಗಿದ ಮೇಲೆ ಡಾಕ್ಟರುಗಳ ಕೆಲಸದಲ್ಲಿ ನಿಜವಾಗಿ ಏನಾದರೂ ಬದಲಾಯಿತೇ ಎಂದು ಕಂಡುಕೊಳ್ಳುವುದು ಹೇಗೆ, ಅದೂ ಕಡಿಮೆ ಜನ, ಕಡಿಮೆ ದುಡ್ಡು ಇರುವಾಗ.

ಆಹ್ವಾನ ಹೀಗಿತ್ತು, ಇದ್ದ ಹಾಗೇ ಹಾಕುತ್ತಿದ್ದೇನೆ:

"ನಿರಂತರ ವೈದ್ಯಕೀಯ ಶಿಕ್ಷಣ ಕ್ಷೇತ್ರದ ವೃತ್ತಿಪರರಿಗಾಗಿ ಉಚಿತ ಆನ್‌ಲೈನ್ ಅಧಿವೇಶನ. ವಿಷಯ: ಸಿಎಂಇ ಪರಿಣಾಮ ಮಾಪನದ ನೂತನ ಆಯಾಮಗಳು. ಅನುಭವಿ ತಜ್ಞರಿಂದ ಉಪನ್ಯಾಸ. ಎಲ್ಲರಿಗೂ ಆದರದ ಸ್ವಾಗತ. ನೋಂದಣಿಗೆ ಲಿಂಕ್ ಕೆಳಗಿದೆ."

ಹತ್ತೊಂಬತ್ತು ಜನ ಹೆಸರು ಕೊಟ್ಟರು. ಆ ದಿನ ಬಂದವರು ಆರು. ಆ ಆರರಲ್ಲಿ ಇಬ್ಬರು ಡಾಕ್ಟರುಗಳು, ಮೊದಲ ಐದು ನಿಮಿಷದಲ್ಲೇ ಚಾಟ್‌ನಲ್ಲಿ "ಇದಕ್ಕೆ ಎಷ್ಟು ಕ್ರೆಡಿಟ್?" ಎಂದು ಕೇಳಿದರು, ಇಲ್ಲ ಎಂದಾಗ ಹೊರಟುಹೋದರು. ಅವರ ತಪ್ಪಲ್ಲ. ಉಳಿದ ನಾಲ್ವರು ಮಾತ್ರ ಗಂಟೆ ಮುಗಿದ ಮೇಲೂ ಅರ್ಧ ಗಂಟೆ ಕೂತು ಮಾತಾಡಿದರು. ಒಬ್ಬರಂತೂ ತಮ್ಮ ಪ್ರಶ್ನಾವಳಿಯನ್ನೇ ಸ್ಕ್ರೀನ್ ಮೇಲೆ ತೆರೆದು ಇದನ್ನು ಹೇಗೆ ಸರಿ ಮಾಡಲಿ ಎಂದು ಕೇಳಿದರು. ಅಂಥವರು ಇನ್ನೂ ಎಷ್ಟೋ ಜನ ಇದ್ದಾರೆ, ಅವರಿಗೆ ಸುದ್ದಿ ಮುಟ್ಟಿಲ್ಲ ಅನ್ನುವುದು ನನ್ನ ಸಂಕಟ.

ಮುಂದಿನ ತಿಂಗಳು ಮತ್ತೆ ಇಡುತ್ತಿದ್ದೇವೆ. ಪ್ರಚಾರಕ್ಕೆ ದುಡ್ಡಿಲ್ಲ. ಏನು ಬದಲಾಯಿಸಬೇಕು? ಎಲ್ಲಿ ಹೇಳಬೇಕು? ಈ ಥರದ ಸೆಷನ್ ನಡೆಸಿದವರು, ಅಥವಾ ಬರಬೇಕೆಂದುಕೊಂಡು ಬರದೆ ಹೋದವರು, ಇಬ್ಬರ ಮಾತೂ ಬೇಕು.

ಅಳತೆಗೋಲು

ಮೊದಲು ನಿಮ್ಮ ಆಹ್ವಾನದ ಬಗ್ಗೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಓದಿದೆ. ಈ ಒಂದು ಗಂಟೆ ಕೂತು ಎದ್ದ ಮೇಲೆ ನನ್ನ ಕೈಯಲ್ಲಿ ಏನಿರುತ್ತದೆ ಎನ್ನುವುದು ಅದರಲ್ಲಿ ಎಲ್ಲೂ ಇಲ್ಲ. "ನೂತನ ಆಯಾಮಗಳು" ಅಂದರೆ ಏನು ಬೇಕಾದರೂ ಆಗಬಹುದು. ಆದರೆ ಇಲ್ಲಿ ನಿಮ್ಮ ಪ್ರಶ್ನೆಯಲ್ಲಿ ನೀವೇ ಬರೆದಿದ್ದೀರಲ್ಲ, "ಡಾಕ್ಟರುಗಳ ಕೆಲಸದಲ್ಲಿ ನಿಜವಾಗಿ ಏನಾದರೂ ಬದಲಾಯಿತೇ ಎಂದು ಕಂಡುಕೊಳ್ಳುವುದು ಹೇಗೆ, ಅದೂ ಕಡಿಮೆ ಜನ, ಕಡಿಮೆ ದುಡ್ಡು ಇರುವಾಗ" ಎಂದು, ಆ ಒಂದು ಸಾಲು ಆಹ್ವಾನದಲ್ಲಿ ಇದ್ದಿದ್ದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಿದ್ದೆ. ನೋವು ಇರುವ ಜಾಗವನ್ನು ಆ ಸಾಲು ಸರಿಯಾಗಿ ಮುಟ್ಟುತ್ತದೆ.

ಇನ್ನು "ವೃತ್ತಿಪರರು" ಅನ್ನುವ ಮಾತು. ನಮ್ಮಲ್ಲಿ ಯಾರೂ ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. ಈ ಕೆಲಸದಲ್ಲಿ ಎಷ್ಟು ಥರದ ಜನ ಇದ್ದಾರೆ ನೋಡಿ. ಕಾರ್ಯಕ್ರಮ ಯೋಜಿಸುವವರು ಬೇರೆ, ಬರಹ ಸಿದ್ಧಪಡಿಸುವ ಮೆಡಿಕಲ್ ರೈಟರ್ ಬೇರೆ, ಕ್ರೆಡಿಟ್ ಕಾಗದಪತ್ರ ನೋಡುವವರು ಬೇರೆ, ಗ್ರಾಂಟ್ ಅರ್ಜಿ ಬರೆಯುವವರು ಬೇರೆ, ಅಂಕಿಅಂಶ ನೋಡಿ ವರದಿ ಮಾಡುವವರು ಬೇರೆ. ಎಷ್ಟೋ ಆಸ್ಪತ್ರೆಗಳಲ್ಲಿ ಇದೆಲ್ಲ ಒಬ್ಬರ ತಲೆಯ ಮೇಲೇ ಇರುತ್ತದೆ, ಮತ್ತು ಅವರ ಹುದ್ದೆಯ ಹೆಸರಿನಲ್ಲಿ ಸಿಎಂಇ ಎಂಬ ಮೂರು ಅಕ್ಷರವೇ ಇರುವುದಿಲ್ಲ. ಹಾಗಾಗಿ ಹುದ್ದೆಯ ಹೆಸರು ಹಿಡಿದು ಕರೆಯಬೇಡಿ, ಕೆಲಸ ಹಿಡಿದು ಕರೆಯಿರಿ. "ಪೋಸ್ಟ್-ಟೆಸ್ಟ್ ಬರೆಯುವವರು, ಕಾರ್ಯಕ್ರಮದ ವರದಿ ಮಾಡುವವರು ಬನ್ನಿ" ಅಂದರೆ ಓದಿದವರಿಗೆ ಅದು ನಾನೇ ಎಂದು ತಟ್ಟನೆ ಗೊತ್ತಾಗುತ್ತದೆ.

ವಿಷಯವನ್ನು ಇನ್ನೂ ಕಿರಿದು ಮಾಡಿ. ಈ ಕ್ಷೇತ್ರದಲ್ಲಿ ಇರುವವರಿಗೆ ಸಿಎಂಇಯ ಪರಿಣಾಮ ಅಳೆಯಲು ಡೊನಾಲ್ಡ್ ಮೂರ್ ಮತ್ತು ಜೊತೆಗಾರರು 2009ರಲ್ಲಿ ಕೊಟ್ಟ ಏಳು ಮೆಟ್ಟಿಲು ಗೊತ್ತಿರುತ್ತದೆ. ಎಷ್ಟು ಜನ ಬಂದರು, ಇಷ್ಟವಾಯಿತೇ, ತಿಳಿದುಕೊಂಡರೇ, ಮಾಡಿ ತೋರಿಸಬಲ್ಲರೇ, ನಿಜವಾಗಿ ಕ್ಲಿನಿಕ್‌ನಲ್ಲಿ ಮಾಡುತ್ತಿದ್ದಾರೆಯೇ, ರೋಗಿಗೆ ಒಳ್ಳೆಯದಾಯಿತೇ, ಸಮುದಾಯಕ್ಕೆ ಒಳ್ಳೆಯದಾಯಿತೇ. ನಾನು ನೋಡಿದ ವರದಿಗಳಲ್ಲಿ ಹೆಚ್ಚಿನವು ಮೂರನೇ ಮೆಟ್ಟಿಲಿನಲ್ಲೇ ನಿಂತುಬಿಡುತ್ತವೆ. ನನ್ನ ವರದಿಗಳೂ ಬಹಳ ಕಾಲ ಅಲ್ಲೇ ನಿಂತಿದ್ದವು. ನಾಲ್ಕನೆಯದರಿಂದ ಐದನೆಯದಕ್ಕೆ ಕಾಲಿಡುವುದೇ ಕಷ್ಟ, ಯಾಕೆಂದರೆ ಅಲ್ಲಿಯವರೆಗೆ ಎಲ್ಲವೂ ನಮ್ಮ ಹಾಲ್‌ನಲ್ಲಿ, ನಮ್ಮ ಸ್ಕ್ರೀನ್ ಮೇಲೆ ನಡೆಯುತ್ತದೆ, ಅಲ್ಲಿಂದ ಮುಂದೆ ಡಾಕ್ಟರ ಕೋಣೆಯೊಳಗೆ ನಡೆಯುತ್ತದೆ. ನಿಮ್ಮ ಸೆಷನ್ ಆ ಒಂದು ಮೆಟ್ಟಿಲಿನ ಬಗ್ಗೆ ಮಾತ್ರ ಎಂದು ಹೇಳಿ. ಏಳೂ ಮೆಟ್ಟಿಲು ಒಂದು ಗಂಟೆಯಲ್ಲಿ ಹತ್ತಿಸುತ್ತೇವೆ ಅಂದರೆ ಗೊತ್ತಿರುವವರು ನಂಬುವುದಿಲ್ಲ.

ಇಮೇಲ್‌ನ ಮೊದಲ ಸಾಲಿಗೆ ನನ್ನ ಸಲಹೆ: "ಪೋಸ್ಟ್-ಟೆಸ್ಟ್‌ನಲ್ಲಿ ಎಲ್ಲರೂ ಪಾಸು. ಆಮೇಲೆ?" ಇದನ್ನು ಓದಿದ ಡಾಕ್ಟರು ಇದು ನನಗಲ್ಲ ಎಂದು ಬಿಟ್ಟುಬಿಡುತ್ತಾರೆ. ವರದಿ ಬರೆಯುವವರು ತೆರೆದು ನೋಡುತ್ತಾರೆ.

ಹಳೇ ಪೆನ್ನು

ಅಳತೆಗೋಲು ಅವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ನಾನು ಬೇರೆ ಒಂದು ಪದದ ಬಗ್ಗೆ ಹೇಳಬೇಕು. "ಉಚಿತ."

ಬೇರೆ ಕಡೆ ಉಚಿತ ಅಂದರೆ ಜನ ಖುಷಿಯಾಗುತ್ತಾರೆ. ನಮ್ಮ ಕೆಲಸದಲ್ಲಿ ಉಚಿತ ಅಂದ ಕೂಡಲೇ ಮೊದಲು ಬರುವ ಪ್ರಶ್ನೆ "ಹಾಗಾದರೆ ದುಡ್ಡು ಯಾರದ್ದು?" ಇದು ಸುಮ್ನೆ ಬಂದ ಅನುಮಾನ ಅಲ್ಲ. ಔಷಧ ಕಂಪನಿ, ಉಪಕರಣದ ಕಂಪನಿಗಳ ಪ್ರಭಾವವನ್ನು ಕಲಿಕೆಯಿಂದ ದೂರ ಇಡುವುದೇ ನಮ್ಮ ಅರ್ಧ ಕೆಲಸ ಅಲ್ವಾ. ಸಿಎಂಇ ನಡೆಸುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಮೆರಿಕದ ಎಸಿಸಿಎಂಇ 2020ರ ಡಿಸೆಂಬರ್‌ನಲ್ಲಿ ಹೊರತಂದು 2022ರಿಂದ ಜಾರಿ ಮಾಡಿದ ನಿಯಮಗಳು ಇದನ್ನೇ ಹೇಳುತ್ತವೆ: ಕಲಿಕೆ ಬೇರೆ, ಮಾರಾಟ ಬೇರೆ, ಎರಡೂ ಬೆರೆಯಬಾರದು. ಅಂಥ ನಿಯಮಗಳನ್ನು ದಿನಾ ಓದುವ ಜನರನ್ನು ನೀವು ಕರೆಯುತ್ತಿದ್ದೀರಿ. ಅವರಿಗೆ ಮೂಗು ಚುರುಕು.

ನನಗೆ ಒಂದು ಅನುಭವ ಆಗಿದೆ. ಹಿಂದೊಮ್ಮೆ ಇಂಥದ್ದೇ ಒಂದು ಉಚಿತ ಸೆಷನ್‌ಗೆ ಸೇರಿದ್ದೆ, ಯಾರದು ಎಂದು ಹೇಳುವುದು ಬೇಡ. ನಲವತ್ತು ನಿಮಿಷ ಚೆನ್ನಾಗಿಯೇ ನಡೆಯಿತು, ನಾನು ಎರಡು ಪುಟ ಟಿಪ್ಪಣಿಯನ್ನೂ ಬರೆದುಕೊಂಡೆ. ಕೊನೆಯ ಇಪ್ಪತ್ತು ನಿಮಿಷ ಒಂದು ಸಾಫ್ಟ್‌ವೇರ್ ಮಾರಾಟ. ಮರುದಿನದಿಂದ ನನ್ನ ಫೋನಿಗೆ ಕರೆ ಮೇಲೆ ಕರೆ. ಆ ಮೊದಲ ನಲವತ್ತು ನಿಮಿಷದಲ್ಲಿ ಹೇಳಿದ್ದೂ ಮಾರಾಟಕ್ಕೆ ತಕ್ಕಂತೆ ಹೇಳಿದ್ದೇ ಏನೋ ಎಂದು ಆಮೇಲೆ ಅನ್ನಿಸಿತು, ಬರೆದುಕೊಂಡ ಎರಡು ಪುಟವನ್ನೂ ಮತ್ತೆ ತೆರೆಯಲಿಲ್ಲ. ಅಂದಿನಿಂದ ಉಚಿತ ಎಂಬ ಪದ ದೊಡ್ಡ ಅಕ್ಷರದಲ್ಲಿ ಕಂಡರೆ ಇಮೇಲ್ ಮುಚ್ಚಿಬಿಡುತ್ತೇನೆ.

ಹಾಗಾಗಿ ಉಚಿತ ಎಂಬುದನ್ನು ಮೇಲೆ ಕೂರಿಸಬೇಡಿ, ಕೆಳಗೆ ಹಾಕಿ, ಮತ್ತು ಅದರ ಜೊತೆಗೇ ವಿವರ ಕೊಡಿ. ನಾವು ಮೂವರು, ಇಂಥ ಕೆಲಸದವರು, ಯಾರಿಂದಲೂ ದುಡ್ಡು ಪಡೆದಿಲ್ಲ, ಕೊನೆಯಲ್ಲಿ ಏನನ್ನೂ ಮಾರುವುದಿಲ್ಲ, ನಿಮ್ಮ ಇಮೇಲ್ ವಿಳಾಸವನ್ನು ಯಾರಿಗೂ ಕೊಡುವುದಿಲ್ಲ. ಕೊನೆಯ ಮಾತು ಬಹಳ ಮುಖ್ಯ. ಕಲಿಯಲು ಬಂದವರ ಹೆಸರು, ವಿಳಾಸಗಳನ್ನು ಅವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಕಂಪನಿಗಳಿಗೆ ಕೊಡುವಂತಿಲ್ಲ ಎಂದು ಅದೇ ಎಸಿಸಿಎಂಇ ನಿಯಮಗಳಲ್ಲಿ ಇದೆ. ನಿಮ್ಮ ಸೆಷನ್ ಆ ನಿಯಮದ ಅಡಿಗೆ ಬರುತ್ತದೋ ಇಲ್ಲವೋ, ನಾವು ಡಾಕ್ಟರುಗಳಿಗೆ ಕೊಡುವ ಮರ್ಯಾದೆಯನ್ನು ನಮ್ಮವರಿಗೂ ಕೊಡಬೇಕು.

ಕ್ರೆಡಿಟ್ ವಿಷಯ ಕೂಡ ಮೊದಲೇ ಹೇಳಿಬಿಡಿ. "ಇದಕ್ಕೆ ಕ್ರೆಡಿಟ್ ಇಲ್ಲ." ಮೂರೇ ಪದ. "ಕ್ರೆಡಿಟ್‌ಗೆ ಪ್ರಯತ್ನಿಸುತ್ತಿದ್ದೇವೆ" ಥರದ ಮಾತು ಎಲ್ಲೂ ಬರಬಾರದು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಕ್ರೆಡಿಟ್ ಪದ್ಧತಿಯಲ್ಲಿ "ಅರ್ಜಿ ಹಾಕಿದ್ದೇವೆ" ಎಂದು ಪ್ರಚಾರದಲ್ಲಿ ಬರೆಯುವುದಕ್ಕೇ ಅವಕಾಶ ಇಲ್ಲ, ಮೊದಲು ಮಂಜೂರಾಗಬೇಕು, ಆಮೇಲೆ ಹೇಳಬೇಕು. ಅದು ಒಳ್ಳೆಯ ನಿಯಮ. ಆಸೆ ತೋರಿಸಿ ಕರೆದರೆ ಬಂದವರ ಒಂದು ಗಂಟೆ ಹಾಳು.

ನೀಲಿ ಕಡತ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕ್ರೆಡಿಟ್ ಇಲ್ಲ ಎಂದು ಹೇಳಿದರೆ ಜನ ಕಡಿಮೆ ಆಗುತ್ತಾರೆ ಎಂದು ಹೆದರಿ ಆ ಮಾತನ್ನೇ ಬಿಟ್ಟಿದ್ದೆ. ಈಗ ನೋಡಿದರೆ ಬರಬೇಕಾದವರು ಬರಲಿಲ್ಲ, ಬರಬಾರದವರು ಬಂದು ಬೇಸರ ಪಟ್ಟುಕೊಂಡು ಹೋದರು. ಅದನ್ನು ಸರಿ ಮಾಡುತ್ತೇನೆ.

ಇನ್ನೊಂದು ಕೇಳಬೇಕು. ಹತ್ತೊಂಬತ್ತರಲ್ಲಿ ಹದಿಮೂರು ಜನ ಹೆಸರು ಕೊಟ್ಟೂ ಬರಲಿಲ್ಲವಲ್ಲ, ಅದಕ್ಕೆ ಏನು ಮಾಡುವುದು? ಹಿಂದಿನ ದಿನ ಒಂದು ನೆನಪಿನ ಇಮೇಲ್ ಕಳಿಸಿದ್ದೆವು. ರೆಕಾರ್ಡಿಂಗ್ ಕೊಡಿ ಎಂದು ಕೆಲವರು ಮೊದಲೇ ಕೇಳಿದ್ದರು, ಕೊಡುತ್ತೇವೆ ಎಂದಿದ್ದೆವು. ಅದರಿಂದಲೇ ಬರಲಿಲ್ಲವೋ ಏನೋ.

ಸಂಜೆ ಮಳೆ

ನಾನು ಇಂಥ ಸೆಷನ್‌ಗಳ ಹಿಂದಿನ ಕೆಲಸ ನೋಡಿಕೊಳ್ಳುವವಳು. ಲಿಂಕ್, ಫಾರ್ಮ್, ನೆನಪಿನ ಇಮೇಲ್, ಮ್ಯೂಟ್ ಮಾಡುವುದು, ಎಲ್ಲ. ಉಚಿತ ಸೆಷನ್‌ಗೆ ಹೆಸರು ಕೊಟ್ಟವರೆಲ್ಲ ಬರುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಳೆದುಕೊಳ್ಳಲು ದುಡ್ಡಿಲ್ಲ ಎಂದಾಗ ಜನರಿಗೆ ಬಿಡುವುದು ಸುಲಭ. ಆದರೆ ಕೆಲವನ್ನು ನೀವು ತಡೆಯಬಹುದು.

ಫಾರ್ಮ್ ಚಿಕ್ಕದಾಗಿರಲಿ. ಹೆಸರು, ಇಮೇಲ್, ಒಂದು ಪ್ರಶ್ನೆ, ಅಷ್ಟೇ. ಸಂಸ್ಥೆ, ಹುದ್ದೆ, ಫೋನ್, ಅನುಭವ ಎಷ್ಟು ವರ್ಷ ಅನ್ನುವುದೆಲ್ಲ ನಿಮಗೆ ಯಾಕೆ ಬೇಕು? ಆ ಒಂದು ಪ್ರಶ್ನೆ ಮಾತ್ರ ಚೆನ್ನಾಗಿ ಯೋಚಿಸಿ ಹಾಕಿ. ನಾನಾದರೆ ಹೀಗೆ ಕೇಳುತ್ತೇನೆ: "ನಿಮ್ಮ ಕಳೆದ ಕಾರ್ಯಕ್ರಮದ ವರದಿ ಬರೆಯುವಾಗ ಎಲ್ಲಿ ಸಿಕ್ಕಿಹಾಕಿಕೊಂಡಿರಿ?" ಜನ ಇದಕ್ಕೆ ಮನಸ್ಸು ಬಿಚ್ಚಿ ಬರೆಯುತ್ತಾರೆ. ಆಮೇಲೆ ಬರುವ ನೆನಪಿನ ಇಮೇಲ್‌ನಲ್ಲಿ "ನಾಳೆ ಸೆಷನ್ ಇದೆ, ಮರೆಯಬೇಡಿ" ಎಂದು ಬರೆಯುವ ಬದಲು "ನೀವು ಕೇಳಿದ ಪ್ರಶ್ನೆಗಳಲ್ಲಿ ಈ ಮೂರನ್ನು ನಾಳೆ ಎತ್ತಿಕೊಳ್ಳುತ್ತೇವೆ" ಎಂದು ಬರೆಯಿರಿ, ಹೆಸರು ಹಾಕದೆ. ತನ್ನ ಪ್ರಶ್ನೆ ಅಲ್ಲಿ ಕಂಡವರು ಖಂಡಿತ ಬರುತ್ತಾರೆ. ಕಾಣದಿದ್ದವರಿಗೂ ಇದು ಬಾಯಿಪಾಠ ಒಪ್ಪಿಸುವ ಸೆಷನ್ ಅಲ್ಲ ಎಂದು ಗೊತ್ತಾಗುತ್ತದೆ.

ಹೆಸರು ಕೊಟ್ಟ ಕ್ಷಣವೇ ಅವರ ಕ್ಯಾಲೆಂಡರ್‌ನಲ್ಲಿ ಸಮಯ ಕೂರುವಂತೆ ಮಾಡಿ. ಇಮೇಲ್ ಜೊತೆಗೆ ಕ್ಯಾಲೆಂಡರ್ ಫೈಲ್ ಕಳಿಸಿದರೆ ಒಂದು ಕ್ಲಿಕ್ ಸಾಕು. ಬೇರೆ ಬೇರೆ ದೇಶದವರು ಬರುವುದಾದರೆ ಸಮಯ ಬರೆಯುವಾಗ ಜಾಗರೂಕತೆ ಇರಲಿ, ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಿವೆ. ಕ್ಯಾಲೆಂಡರ್ ಫೈಲ್ ಇದ್ದರೆ ಅದು ತಾನಾಗಿಯೇ ಅವರವರ ಸಮಯಕ್ಕೆ ಬದಲಾಗುತ್ತದೆ.

ನೆನಪಿನ ಇಮೇಲ್ ಎರಡು ಬೇಕು. ಹಿಂದಿನ ದಿನ ಒಂದು, ಶುರುವಾಗುವ ಒಂದು ಗಂಟೆ ಮುಂಚೆ ಇನ್ನೊಂದು. ಎರಡನೆಯದರಲ್ಲಿ ಮೊದಲ ಸಾಲಿನಲ್ಲೇ ಲಿಂಕ್ ಇರಬೇಕು. ನಾನು ಕಣ್ಣಾರೆ ಕಂಡಿದ್ದೇನೆ, ಶುರುವಾಗಿ ಹತ್ತು ನಿಮಿಷ ಆದ ಮೇಲೂ "ಲಿಂಕ್ ಸಿಗುತ್ತಿಲ್ಲ" ಎಂದು ಮೆಸೇಜ್ ಮೇಲೆ ಮೆಸೇಜ್. ಇಮೇಲ್ ತೆರೆದು ನೋಡಿದರೆ ಮೇಲೆ ಲೋಗೋ, ಅದರ ಕೆಳಗೆ ಸ್ವಾಗತ, ಅದರ ಕೆಳಗೆ ಮಾತನಾಡುವವರ ಪರಿಚಯ, ಎಲ್ಲ ದಾಟಿದ ಮೇಲೆ ಸಣ್ಣ ಅಕ್ಷರದಲ್ಲಿ ಲಿಂಕ್. ಫೋನಿನಲ್ಲಿ ನೋಡುವವರು ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಎಲ್ಲಿ ಹೇಳಬೇಕು ಎಂದು ಕೇಳಿದ್ದೀರಿ. ದೊಡ್ಡ ಪಟ್ಟಿಗೆ ಒಂದೇ ಇಮೇಲ್ ಎಸೆಯುವುದಕ್ಕಿಂತ, ಆ ನಾಲ್ವರು ಇದ್ದಾರಲ್ಲ, ಕೊನೆಯವರೆಗೂ ಕೂತು ಮಾತಾಡಿದವರು, ಅವರನ್ನು ಹಿಡಿಯಿರಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಿರಿ, "ನಿಮ್ಮಂತೆಯೇ ಕೆಲಸ ಮಾಡುವ ಇಬ್ಬರಿಗೆ ಇದನ್ನು ಹೇಳುತ್ತೀರಾ" ಎಂದು. ಮುಂದೆ ಕಳಿಸಲು ಸುಲಭವಾಗುವಂತೆ ಎರಡು ಸಾಲಿನ ಮೆಸೇಜನ್ನು ನೀವೇ ಬರೆದುಕೊಡಿ, ವಾಟ್ಸಾಪ್‌ನಲ್ಲಿ ಹಾಗೇ ಹಾಕಬಹುದಾದಂಥದ್ದು. ಈ ಕೆಲಸದಲ್ಲಿ ಒಬ್ಬರಿಗೊಬ್ಬರು ಗೊತ್ತಿರುವುದು ಜಾಸ್ತಿ. ಪರಿಚಯದವರು ಹೇಳಿದರೆ ಅದರ ತೂಕವೇ ಬೇರೆ.

ರೆಕಾರ್ಡಿಂಗ್ ಬಗ್ಗೆ ನನ್ನ ಅಭಿಪ್ರಾಯ: ಮೊದಲೇ ಮಾತು ಕೊಡಬೇಡಿ. ಕೊಟ್ಟರೆ ಎಲ್ಲರೂ ಆಮೇಲೆ ನೋಡೋಣ ಅನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ.

ಪುಟ್ಟ ದೀಪ

ನಾನು ಈ ಕೆಲಸಕ್ಕೆ ಬಂದು ಒಂದು ವರ್ಷ ಆಗಿದೆ ಅಷ್ಟೇ, ಹಾಗಾಗಿ ಸಂಕೋಚದಿಂದಲೇ ಹೇಳುತ್ತಿದ್ದೇನೆ. ಸಂಜೆ ಮಳೆ ಮೇಡಂ ಹೇಳಿದ ಎಲ್ಲವೂ ಸರಿ, ರೆಕಾರ್ಡಿಂಗ್ ಒಂದನ್ನು ಬಿಟ್ಟು.

ನಾನು ಬರದೆ ಹೋದವರ ಪೈಕಿ. ನೀಲಿ ಕಡತ ಅವರ ಸೆಷನ್ ಅಂತಲ್ಲ, ಬೇರೆ ಎಷ್ಟೋ ಸೆಷನ್‌ಗಳಿಗೆ ಹೆಸರು ಕೊಟ್ಟು ಬರದೆ ಹೋಗಿದ್ದೇನೆ. ನಮ್ಮ ಕಚೇರಿಯಲ್ಲಿ ಈ ಕೆಲಸಕ್ಕೆ ನಾನೊಬ್ಬಳೇ. ಸೆಷನ್ ಶುರುವಾಗುವ ಹೊತ್ತಿಗೇ ಯಾರೋ ಡಾಕ್ಟರ್ ಫೋನ್ ಮಾಡಿ ಸರ್ಟಿಫಿಕೇಟ್‌ನಲ್ಲಿ ಹೆಸರು ತಪ್ಪಾಗಿದೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ರೆಕಾರ್ಡಿಂಗ್ ಇದ್ದರೆ ರಾತ್ರಿ ಮಗು ಮಲಗಿದ ಮೇಲೆ ನೋಡುತ್ತೇನೆ. ನಿಜವಾಗಿಯೂ ನೋಡುತ್ತೇನೆ, ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುತ್ತೇನೆ. ಕಲಿಸಲು ಯಾರೂ ಇಲ್ಲದವರಿಗೇ ಈ ಸೆಷನ್ ಎಂದು ನೀವೇ ಹೇಳಿದ್ದೀರಿ. ಅಂಥವರಿಗೇ ಆ ಹೊತ್ತಿನಲ್ಲಿ ಬಿಡುವು ಸಿಗುವುದು ಕಷ್ಟ.

ಇನ್ನೊಂದು ವಿಷಯ. ಆಹ್ವಾನದಲ್ಲಿ "ಅನುಭವಿ ತಜ್ಞರಿಂದ ಉಪನ್ಯಾಸ" ಎಂದು ಓದಿದರೆ ನನ್ನಂಥವರಿಗೆ ಹೆದರಿಕೆ. ಅಲ್ಲಿ ಎಲ್ಲರೂ ದೊಡ್ಡವರು ಇರುತ್ತಾರೆ, ನಾನು ಕೇಳುವ ಪ್ರಶ್ನೆ ಚಿಕ್ಕದು ಅನ್ನಿಸಿಬಿಡುತ್ತದೆ. ಆದರೆ ಮೊದಲ ಪೋಸ್ಟ್-ಟೆಸ್ಟ್‌ನಲ್ಲಿ ಉದ್ದದ ಉತ್ತರವೇ ಸರಿ ಉತ್ತರವಾಗಿತ್ತು ಎಂದು ಇಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ನಾನು ಎದ್ದು ಹೋಗಿ ನನ್ನ ಕಳೆದ ವಾರದ ಪ್ರಶ್ನೆಗಳನ್ನು ತೆರೆದು ನೋಡಿದೆ. ಹತ್ತರಲ್ಲಿ ಏಳು ಹಾಗೇ ಇವೆ. ಆಹ್ವಾನದಲ್ಲಿ ಆ ಮಾತು ಹಾಕಿ ಸರ್. ಅದನ್ನು ಓದಿದರೆ ನಾನು ಬರುತ್ತೇನೆ.

ಸಂಜೆ ಮಳೆ

ಪುಟ್ಟ ದೀಪ, ಸಂಕೋಚ ಯಾಕಮ್ಮಾ, ನೀವು ಹೇಳಿದ್ದು ಸರಿ. ಒಬ್ಬರೇ ಕೆಲಸ ಮಾಡುವವರ ಬಗ್ಗೆ ನಾನು ಯೋಚಿಸಿರಲಿಲ್ಲ. ಹಾಗಾದರೆ ಹೀಗೆ ಮಾಡಬಹುದು: ವಿವರಿಸುವ ಮೊದಲ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ ಹೆಸರು ಕೊಟ್ಟ ಎಲ್ಲರಿಗೂ ಕಳಿಸಿ. ಜನ ತಮ್ಮ ತಮ್ಮ ಪ್ರಶ್ನಾವಳಿ ತೆರೆದು ತಿದ್ದಿಸಿಕೊಳ್ಳುವ ಭಾಗವನ್ನು ರೆಕಾರ್ಡ್ ಮಾಡಬೇಡಿ. ಕೆಲಸದ ಕಡತ ತೋರಿಸುವಾಗ ರೆಕಾರ್ಡ್ ಆಗುತ್ತಿದೆ ಎಂದರೆ ಯಾರೂ ಬಾಯಿ ಬಿಡುವುದಿಲ್ಲ. ಇದನ್ನು ಆಹ್ವಾನದಲ್ಲೇ ಹೇಳಿ.

ನೆರಳು ಮರ

ನಾನು ಈ ಕೆಲಸದಲ್ಲಿ ಬಹಳ ವರ್ಷ ಇದ್ದು ಈಗ ಬಿಟ್ಟವನು. ಎಲ್ಲರೂ ಆಹ್ವಾನದ ಬಗ್ಗೆ ಒಳ್ಳೆಯ ಮಾತು ಹೇಳಿದ್ದೀರಿ. ನಾನು ಸೆಷನ್ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ಎರಡನೇ ಸಲಕ್ಕೆ ಪ್ರಚಾರ ಮಾಡುವುದು ಮೊದಲ ಸಲದ ಸೆಷನ್ನೇ.

ಡೇವ್ ಡೇವಿಸ್ ಮತ್ತು ಜೊತೆಗಾರರು 1999ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪರಿಶೀಲನೆ ಬರೆದರು. ಡಾಕ್ಟರುಗಳಿಗೆ ನಡೆಸುವ ಸಮ್ಮೇಳನ, ಕಾರ್ಯಾಗಾರಗಳಿಂದ ಅವರ ಕೆಲಸ ಬದಲಾಗುತ್ತದೆಯೇ ಎಂದು ನೋಡಿದರು. ಸುಮ್ನೆ ಕೂತು ಕೇಳುವ ಉಪನ್ಯಾಸದಿಂದ ಕೆಲಸ ಬದಲಾಗುವುದು ಕಾಣಲಿಲ್ಲ, ಕಲಿಯುವವರು ತಾವೇ ಕೈ ಹಾಕಿ ಮಾಡುವಂಥ ಕಾರ್ಯಕ್ರಮಗಳಿಂದ ಬದಲಾವಣೆ ಕಂಡಿತು. ನಾವು ಇದನ್ನು ಡಾಕ್ಟರುಗಳ ವಿಷಯದಲ್ಲಿ ದಿನಾ ಹೇಳುತ್ತೇವೆ. ನಮ್ಮವರಿಗೆ ಕಲಿಸುವಾಗ ಮಾತ್ರ ಐವತ್ತು ನಿಮಿಷ ಸ್ಲೈಡ್, ಹತ್ತು ನಿಮಿಷ ಪ್ರಶ್ನೋತ್ತರ ಇಡುತ್ತೇವೆ. ನಿಮ್ಮ ಮೊದಲ ಸೆಷನ್‌ನಲ್ಲಿ ಒಬ್ಬರು ತಮ್ಮ ಪ್ರಶ್ನಾವಳಿ ತೆರೆದರಲ್ಲ, ಅದು ಗಂಟೆ ಮುಗಿದ ಮೇಲೆ ನಡೆಯಿತು. ಮುಂದಿನ ಸಲ ಅದನ್ನು ಹತ್ತನೇ ನಿಮಿಷಕ್ಕೆ ತನ್ನಿ. "ನಿಮ್ಮ ಒಂದು ಪ್ರಶ್ನೆ ತನ್ನಿ, ತಿದ್ದಿಕೊಂಡು ಹೋಗಿ" ಎಂದು ಆಹ್ವಾನದಲ್ಲಿ ಹಾಕಿದರೆ ಅದಕ್ಕಿಂತ ಒಳ್ಳೆಯ ಪ್ರಚಾರ ನನಗೆ ತೋಚುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ಸೆಷನ್‌ನಲ್ಲಿ ಬಳಸಿ. ನಾವು ಒಮ್ಮೆ ಆಸ್ತಮಾ ಬಗ್ಗೆ ಕಾರ್ಯಕ್ರಮ ಮಾಡಿದ್ದೆವು. ಇನ್‌ಹೇಲರ್ ಸರಿಯಾಗಿ ಬಳಸದ ರೋಗಿಗಳು ಬಹಳ. ಉಸಿರು ಎಳೆದುಕೊಳ್ಳುವುದು ಒಂದು ಕ್ಷಣ ಮುಂಚೆ, ಒತ್ತುವುದು ಒಂದು ಕ್ಷಣ ಆಮೇಲೆ, ಔಷಧ ಶ್ವಾಸಕೋಶಕ್ಕೆ ಹೋಗುವ ಬದಲು ಬಾಯಿ, ಗಂಟಲಿನಲ್ಲೇ ಉಳಿಯುತ್ತದೆ. ಪೋಸ್ಟ್-ಟೆಸ್ಟ್‌ನಲ್ಲಿ ನಮ್ಮ ಪ್ರಶ್ನೆ "ಇನ್‌ಹೇಲರ್ ಬಳಸುವ ಸರಿಯಾದ ಕ್ರಮ ಯಾವುದು?" ಎಂದಿತ್ತು. ಹೆಚ್ಚುಕಡಿಮೆ ಎಲ್ಲರೂ ಸರಿ ಉತ್ತರ ಬರೆದರು. ನಾವು ಖುಷಿಯಿಂದ ವರದಿ ಬರೆಯಲು ಕೂತೆವು. ಜೊತೆಗಿದ್ದ ಹಿರಿಯ ನರ್ಸ್ ಒಬ್ಬರು ವರದಿ ಓದಿ, "ಡಾಕ್ಟರಿಗೆ ಕ್ರಮ ಗೊತ್ತಿರೋದು ಸರಿ, ರೋಗಿ ಕೈಯಲ್ಲಿ ಇನ್‌ಹೇಲರ್ ಕೊಟ್ಟು ಮಾಡಿ ತೋರಿಸು ಅಂತ ಕೇಳ್ತಾರಾ?" ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಆರು ವಾರ ಬಿಟ್ಟು ಆ ಡಾಕ್ಟರುಗಳಿಗೆಲ್ಲ ಒಂದೇ ಪ್ರಶ್ನೆ ಕಳಿಸಿದೆವು: "ನೀವು ನೋಡಿದ ಕೊನೆಯ ಆಸ್ತಮಾ ರೋಗಿಯನ್ನು ನೆನಪಿಸಿಕೊಳ್ಳಿ. ಅವರಿಂದ ಇನ್‌ಹೇಲರ್ ಬಳಸಿ ತೋರಿಸಿಕೊಂಡಿರಾ?" ಇಲ್ಲ ಎಂದವರೇ ಜಾಸ್ತಿ. "ಸಾಮಾನ್ಯವಾಗಿ ಕೇಳುತ್ತೀರಾ" ಎಂದು ಕೇಳಿದ್ದರೆ ಎಲ್ಲರೂ ಹೌದು ಅನ್ನುತ್ತಿದ್ದರು, ಸುಳ್ಳು ಹೇಳಬೇಕೆಂದಲ್ಲ, ತಾವು ಹಾಗೆ ಮಾಡುತ್ತೇವೆ ಎಂದೇ ಅವರ ನಂಬಿಕೆ. "ಕೊನೆಯ ರೋಗಿ" ಅಂದಾಗ ಒಂದು ಮುಖ ಕಣ್ಣ ಮುಂದೆ ಬರುತ್ತದೆ. ಯಾಕೆ ಕೇಳಲಿಲ್ಲ ಎಂದು ಕೆಲವರು ಬರೆದೂ ಕಳಿಸಿದರು: ಸಮಯ ಇಲ್ಲ, ತೋರಿಸಲು ಕೋಣೆಯಲ್ಲಿ ಖಾಲಿ ಇನ್‌ಹೇಲರ್ ಇಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಭಾಷಣ ಅರ್ಧಕ್ಕೆ ಇಳಿಸಿದೆವು, ಉಳಿದ ಹೊತ್ತು ಇಬ್ಬಿಬ್ಬರಾಗಿ ಕೂತು ಒಬ್ಬರು ರೋಗಿ, ಒಬ್ಬರು ಡಾಕ್ಟರ್ ಆಗಿ ಅಭ್ಯಾಸ ಮಾಡಿಸಿದೆವು, ಮನೆಗೆ ಹೋಗುವಾಗ ಒಬ್ಬೊಬ್ಬರ ಕೈಗೂ ಅಭ್ಯಾಸದ ಖಾಲಿ ಇನ್‌ಹೇಲರ್ ಕೊಟ್ಟೆವು. ದುಡ್ಡು ಹೆಚ್ಚು ಆಗಲಿಲ್ಲ. ಒಂದು ಪ್ರಶ್ನೆ ಮತ್ತು ಆರು ವಾರದ ತಾಳ್ಮೆ.

ನಿಮ್ಮ ಸೆಷನ್‌ಗೆ ಬಂದವರಿಗೂ ಹೀಗೇ ಮಾಡಿ. ಮುಗಿಯುವ ಮೊದಲು "ಮುಂದಿನ ಕಾರ್ಯಕ್ರಮದಲ್ಲಿ ನಾನು ಬದಲಾಯಿಸುವ ಒಂದು ವಿಷಯ" ಎಂದು ಚಾಟ್‌ನಲ್ಲಿ ಬರೆಸಿ. ಒಂದು ತಿಂಗಳು ಬಿಟ್ಟು ಅದನ್ನೇ ಅವರಿಗೆ ಕಳಿಸಿ, ಮಾಡಿದಿರಾ, ಏನು ಅಡ್ಡ ಬಂತು ಎಂದು ಕೇಳಿ. ಮೊದಲ ಸೆಷನ್‌ನ ಆ ನಾಲ್ವರಿಗೂ ಈಗಲೇ ಕೇಳಬಹುದು, ತಡವಾಗಿಲ್ಲ. ಅವರು ಹೇಳುವ ಒಂದೊಂದು ಸಾಲನ್ನು ಅವರ ಒಪ್ಪಿಗೆ ಪಡೆದು ಮುಂದಿನ ಆಹ್ವಾನದಲ್ಲಿ ಹಾಕಿ.

ಹಳೇ ಪೆನ್ನು

ನೆರಳು ಮರ ಸರ್, "ಕೊನೆಯ ರೋಗಿ" ಅನ್ನುವ ಪ್ರಶ್ನೆಯನ್ನು ನಾನು ಇವತ್ತೇ ಕದಿಯುತ್ತಿದ್ದೇನೆ. ರಕ್ತದೊತ್ತಡದ ಕಾರ್ಯಕ್ರಮದ ಫಾಲೋ-ಅಪ್ ಈ ವಾರ ಹೋಗಬೇಕಿತ್ತು. "ನೀವು ಎರಡು ಸಲ ಅಳೆಯುತ್ತೀರಾ?" ಎಂದು ಬರೆದಿಟ್ಟಿದ್ದೆ. ಈಗ "ನಿನ್ನೆ ನೋಡಿದ ಕೊನೆಯ ರೋಗಿಗೆ ಎಷ್ಟು ಸಲ ಅಳೆದಿರಿ?" ಎಂದು ಬದಲಾಯಿಸಿದೆ.

ನೀಲಿ ಕಡತ

ಎರಡು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಆ ನಾಲ್ವರಿಗೂ ಬೇರೆ ಬೇರೆಯಾಗಿ ಬರೆದೆ. ಮೂವರು ಉತ್ತರ ಕೊಟ್ಟರು. ಅವರಲ್ಲಿ ಒಬ್ಬರು, ಪ್ರಶ್ನಾವಳಿ ತೆರೆದು ತೋರಿಸಿದವರು, "ಕಾರ್ಯಕ್ರಮ ಉಪಯುಕ್ತವಾಗಿತ್ತೇ ಎಂಬ ಪ್ರಶ್ನೆ ತೆಗೆದು, ನಾಳೆಯಿಂದ ಏನು ಬೇರೆ ಮಾಡುತ್ತೀರಿ ಎಂದು ಹಾಕಿದೆ. ಮೊದಲ ಸಲ ಡಾಕ್ಟರುಗಳು ಪೂರ್ತಿ ವಾಕ್ಯ ಬರೆದಿದ್ದಾರೆ" ಎಂದು ಬರೆದಿದ್ದಾರೆ. ಆ ಇಮೇಲನ್ನು ನಮ್ಮ ಮೂವರ ಗುಂಪಿನಲ್ಲಿ ಹಾಕಿದೆ, ಎಲ್ಲರಿಗೂ ತುಂಬಾ ಸಂತೋಷವಾಯಿತು. ಆಹ್ವಾನದಲ್ಲಿ ಹಾಕಲು ಅವರು ಒಪ್ಪಿದ್ದಾರೆ.

ಹೊಸ ಆಹ್ವಾನ ಇದು. ನೋಡಿ ಹೇಳಿ:

"ಪೋಸ್ಟ್-ಟೆಸ್ಟ್‌ನಲ್ಲಿ ಎಲ್ಲರೂ ಪಾಸು. ಆಮೇಲೆ?

ಡಾಕ್ಟರುಗಳಿಗೆ ಪೋಸ್ಟ್-ಟೆಸ್ಟ್ ಬರೆಯುವವರು, ಕಾರ್ಯಕ್ರಮದ ವರದಿ ಮಾಡುವವರು ಒಂದು ಗಂಟೆ ಆನ್‌ಲೈನ್‌ನಲ್ಲಿ ಸೇರೋಣ. ಕಾರ್ಯಕ್ರಮ ಮುಗಿದ ಒಂದು ತಿಂಗಳ ಮೇಲೆ ಕ್ಲಿನಿಕ್‌ನಲ್ಲಿ ಏನು ಬದಲಾಯಿತು ಎಂದು ತಿಳಿಯಲು ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಕೂತು ಬರೆಯೋಣ. ನಿಮ್ಮ ಒಂದು ಪ್ರಶ್ನೆ ತನ್ನಿ, ತಿದ್ದಿಕೊಂಡು ಹೋಗಿ. ನನ್ನ ಮೊದಲ ಪೋಸ್ಟ್-ಟೆಸ್ಟ್‌ನಲ್ಲಿ ಎಲ್ಲಕ್ಕಿಂತ ಉದ್ದದ ಉತ್ತರವೇ ಸರಿ ಉತ್ತರವಾಗಿತ್ತು, ಅದನ್ನೇ ಮೊದಲು ತಿದ್ದೋಣ.

ನಡೆಸುವವರು ಇದೇ ಕೆಲಸ ಮಾಡುವ ಮೂವರು. ಶುಲ್ಕ ಇಲ್ಲ, ಯಾವ ಕಂಪನಿಯ ದುಡ್ಡೂ ಇಲ್ಲ, ಏನನ್ನೂ ಮಾರುವುದಿಲ್ಲ, ನಿಮ್ಮ ವಿಳಾಸ ಯಾರಿಗೂ ಹೋಗುವುದಿಲ್ಲ. ಇದಕ್ಕೆ ಕ್ರೆಡಿಟ್ ಇಲ್ಲ. ಮೊದಲ ಇಪ್ಪತ್ತು ನಿಮಿಷದ ರೆಕಾರ್ಡಿಂಗ್ ಹೆಸರು ಕೊಟ್ಟ ಎಲ್ಲರಿಗೂ ಬರುತ್ತದೆ, ತಿದ್ದುವ ಭಾಗ ರೆಕಾರ್ಡ್ ಆಗುವುದಿಲ್ಲ."

ಇದರ ಕೆಳಗೆ ಆ ಒಬ್ಬರ ಮಾತು, ಆಮೇಲೆ ಲಿಂಕ್.

ಅಳತೆಗೋಲು

ಚೆನ್ನಾಗಿದೆ. ಒಂದೇ ಒಂದು ಬದಲಾವಣೆ: ಆ ಒಬ್ಬರ ಮಾತನ್ನು ಕೆಳಗೆ ಇಡಬೇಡಿ, "ಆಮೇಲೆ?" ಆದ ಕೂಡಲೇ ಇಡಿ. ಲಿಂಕ್ ಅದರ ಪಕ್ಕದಲ್ಲೇ ಬರಲಿ.

ಪುಟ್ಟ ದೀಪ

ಸರ್, ಲಿಂಕ್ ತೆರೆದಿದ್ದರೆ ಕಳಿಸಿ. ನನ್ನ ಏಳು ಪ್ರಶ್ನೆಗಳಲ್ಲಿ ಯಾವುದನ್ನು ತರುವುದು ಎಂದು ಆರಿಸಿ ಇಟ್ಟಿದ್ದೇನೆ.